ಫ್ರೀಬಿಎಸ್‌ಡಿ ಮೇಲೆ ಎಲ್‌ಎಸ್‌ಐ 9211-8ಐ: ವರ್ಷಗಟ್ಟಲೆ ಓಡಿಸಿದ ಮೇಲಿನ ವಿಮರ್ಶೆ

ಎಲ್‌ಎಸ್‌ಐ 9211-8ಐ ಎಂದರೆ ಒಂದು ಯಂತ್ರಕ್ಕೆ ಎಂಟು ಡಿಸ್ಕ್ ಜೋಡಿಸುವ ಕಾರ್ಡ್, ಫ್ರೀಬಿಎಸ್‌ಡಿ ನಾವು ಅದನ್ನು ಓಡಿಸುವ ಆಪರೇಟಿಂಗ್ ಸಿಸ್ಟಮ್. ಕಾರ್ಡ್ ಕೊಳ್ಳಬಹುದೇ ಎಂದು ಕೇಳುವವರಿಗೆ ಉತ್ತರ ಮೊದಲೇ: ಹಾರ್ಡ್ ಡಿಸ್ಕ್‌ಗಳ ಝೆಡ್‌ಎಫ್‌ಎಸ್ ಪೂಲ್‌ಗಾದರೆ (ಹಲವು ಡಿಸ್ಕ್‌ಗಳನ್ನು ಸೇರಿಸಿ ಒಂದೇ ಸಂಗ್ರಹವಾಗಿ ನಡೆಸುವ ವ್ಯವಸ್ಥೆ) ಧಾರಾಳವಾಗಿ ಕೊಳ್ಳಿ. ಎಸ್‌ಎಸ್‌ಡಿ ತುಂಬಿಸುವುದಾದರೆ ಬೇಡ. ಇದನ್ನು ನಡೆಸುವ ಎಂಪಿಎಸ್ ಡ್ರೈವರ್‌ನಲ್ಲಿ ನೀವು ಕೈಯಾಡಿಸಬೇಕಾದ್ದು ತೀರಾ ಕಡಿಮೆ. ಡಿಸ್ಕ್ ಸರಿಯಿದ್ದೂ ತೊಂದರೆ ಬಂದರೆ ಫರ್ಮ್‌ವೇರ್ (ಕಾರ್ಡಿನೊಳಗಿನ ಸಾಫ್ಟ್‌ವೇರ್), ಕೇಬಲ್, ಗಾಳಿ, ಕರೆಂಟು ಈ ನಾಲ್ಕರಲ್ಲಿ ಒಂದರಿಂದ ಬರುತ್ತದೆ. ಆದರೆ ಲಾಗ್‌ನಲ್ಲಿ ಹೆಸರು ಕಾಣುವುದು ಡ್ರೈವರಿನದು, ಹಾಗಾಗಿ ಜನ ಡ್ರೈವರನ್ನೇ ತಿದ್ದಲು ಕೂರುತ್ತಾರೆ. ಈ ವಿಮರ್ಶೆಯ ಮುಕ್ಕಾಲು ಭಾಗ ಅದರ ಬಗ್ಗೆಯೇ ಇದೆ.

ನಾವು ಇದನ್ನು ಓಡಿಸುತ್ತಿರುವುದು ಎರಡು ಕಡೆ. ಮಂಡ್ಯದಲ್ಲಿ ಮದುವೆ ವಿಡಿಯೊ, ಆಲ್ಬಮ್ ಕೆಲಸ ಮಾಡುವ ಸ್ಟುಡಿಯೊದ ಫೈಲ್ ಸರ್ವರ್ ಒಂದು. ಮೈಸೂರಿನ ಹೆಬ್ಬಾಳು ಕೈಗಾರಿಕಾ ಪ್ರದೇಶದ ಕಚೇರಿಯೊಂದರ ಬ್ಯಾಕಪ್ ಯಂತ್ರ ಇನ್ನೊಂದು. ಎರಡರಲ್ಲೂ 4 ಟಿಬಿಯ 8 ಡಿಸ್ಕ್, ರೇಡ್-ಝೆಡ್2 (ಎರಡು ಡಿಸ್ಕ್ ಕೆಟ್ಟರೂ ದತ್ತಾಂಶ ಉಳಿಯುವ ಜೋಡಣೆ). ಫ್ರೀಬಿಎಸ್‌ಡಿ 12ರಿಂದ ಶುರುವಾಗಿ 13, 14ಕ್ಕೆ ಏರಿಸಿದ್ದೇವೆ. ಕಾರ್ಡಿನ ಮಟ್ಟಿಗೆ ಯಾವ ಸೆಟ್ಟಿಂಗನ್ನೂ ಬದಲಿಸಬೇಕಾಗಲಿಲ್ಲ. ಕಮಾಂಡ್‌ಗಳನ್ನು ಇಲ್ಲಿ ಕನ್ನಡದಲ್ಲೇ ಬರೆದಿದ್ದೇವೆ. ಟೈಪ್ ಮಾಡುವಾಗ ಎಲ್ಲವೂ ಇಂಗ್ಲಿಷ್ ಸಣ್ಣಕ್ಷರ.

ಕಾರ್ಡ್ ಏನು, ಎಷ್ಟು ಮಾಡುತ್ತದೆ

ಒಳಗಿರುವುದು ಎಸ್‌ಎಎಸ್2008 ಚಿಪ್. ಪಿಸಿಐ ಎಕ್ಸ್‌ಪ್ರೆಸ್ 2.0, ಎಂಟು ಲೇನ್ (ದತ್ತಾಂಶ ಹರಿಯುವ ಸಾಲು). ಎರಡು ಎಸ್‌ಎಫ್‌ಎಫ್-8087 ಸಾಕೆಟ್, ಒಂದೊಂದರಿಂದ ನಾಲ್ಕು ಡಿಸ್ಕ್, ಪ್ರತಿ ಪೋರ್ಟ್‌ಗೆ ಸೆಕೆಂಡಿಗೆ 6 ಗಿಗಾಬಿಟ್. ಹಳೆಯ ಎಸ್‌ಎಎಸ್1068ಇ ಕಾರ್ಡ್‌ಗಳು 2 ಟಿಬಿಗೆ ನಿಂತುಬಿಡುತ್ತಿದ್ದವು. ಇದಕ್ಕೆ ಆ ಮಿತಿ ಇಲ್ಲ. ಎಂಟು ಲೇನಿನ ಸ್ಲಾಟ್‌ನಲ್ಲಿ ಸೆಕೆಂಡಿಗೆ ಸುಮಾರು 4 ಗಿಗಾಬೈಟ್ ದಾರಿ ಸಿಗುತ್ತದೆ. ಎಂಟು ಹಾರ್ಡ್ ಡಿಸ್ಕ್ ಒಟ್ಟಿಗೆ ಓಡಿದರೂ ಅದರ ಅರ್ಧ ದಾಟುವುದು ಕಷ್ಟ.

ಆದರೆ ಸ್ಲಾಟ್ ನಿಜವಾಗಿ ಎಂಟು ಲೇನಿನದೇ ಎಂದು ನೋಡಿಕೊಳ್ಳಿ. ಎಷ್ಟೋ ಡೆಸ್ಕ್‌ಟಾಪ್ ಮದರ್‌ಬೋರ್ಡ್‌ಗಳಲ್ಲಿ ಎರಡನೆಯ ಉದ್ದ ಸ್ಲಾಟ್ ನೋಡಲು ಹದಿನಾರು, ಒಳಗೆ ನಾಲ್ಕೇ ಲೇನ್. 'ಪಿಸಿಐಕಾನ್ಫ್ -ಎಲ್‌ಸಿ ಎಂಪಿಎಸ್0' ಕೊಟ್ಟರೆ ಲಿಂಕ್ ಎಂಬ ಕಡೆ 'ಎಕ್ಸ್8(ಎಕ್ಸ್8)' ಅಥವಾ 'ಎಕ್ಸ್4(ಎಕ್ಸ್8)' ಎಂದು ಬರುತ್ತದೆ. ಮೊದಲನೆಯದು ಈಗ ಸಿಕ್ಕಿರುವುದು, ಆವರಣದೊಳಗಿನದು ಕಾರ್ಡಿನ ಶಕ್ತಿ. ನಾಲ್ಕು ಲೇನ್ ಸಿಕ್ಕರೂ ಹಾರ್ಡ್ ಡಿಸ್ಕ್‌ಗೆ ನಡೆಯುತ್ತದೆ, ಸ್ಕ್ರಬ್ (ಇಡೀ ಪೂಲನ್ನು ಓದಿ ಪರೀಕ್ಷಿಸುವುದು) ಮಾತ್ರ ನಿಧಾನ. ಒಂದೇ ಲೇನ್ ತೋರಿಸಿದರೆ ಸ್ಲಾಟ್ ಬದಲಿಸಿ, ಇಲ್ಲವೆ ಕಾರ್ಡ್ ತೆಗೆದು ಚಿನ್ನದ ಬಣ್ಣದ ಅಂಚನ್ನು ಒರೆಸಿ ಮತ್ತೆ ಕೂರಿಸಿ.

ಡೆಲ್ ಎಚ್200, ಎಚ್310, ಐಬಿಎಂ ಎಂ1015 ಇವೆಲ್ಲ ಇದೇ ಚಿಪ್‌ನ ಬೇರೆ ಬೇರೆ ವೇಷ. ಹಳೆಯ ಮಾಲಿನಲ್ಲಿ ಹೆಚ್ಚು ಸಿಗುವುದು ಇವೇ. ಕೆಲವು ಡೆಸ್ಕ್‌ಟಾಪ್ ಬೋರ್ಡ್‌ಗಳಲ್ಲಿ ಇವನ್ನು ಹಾಕಿದರೆ ಯಂತ್ರ ಪರದೆಯನ್ನೇ ತೋರಿಸುವುದಿಲ್ಲ. ಕಾರ್ಡ್ ಸತ್ತಿದೆ ಎಂದು ವಾಪಸ್ ಕಳಿಸಬೇಡಿ. ಅಂಚಿನ ಬಿ5, ಬಿ6 ಪಿನ್‌ಗಳು ಎಸ್‌ಎಂಬಸ್ ಎಂಬ ನಿಯಂತ್ರಣ ತಂತಿಯವು. ಮದರ್‌ಬೋರ್ಡ್ ಜತೆ ಜಗಳ ಅಲ್ಲಿ. ಆ ಎರಡರ ಮೇಲೆ ಮಾತ್ರ ಕ್ಯಾಪ್ಟಾನ್ ಎಂಬ ಬಿಸಿ ತಡೆಯುವ ಟೇಪಿನ ಸಣ್ಣ ತುಂಡು ಅಂಟಿಸಿದರೆ ಬೂಟ್ ಆಗುತ್ತದೆ. ಸಾಮಾನ್ಯ ಪ್ಲಾಸ್ಟಿಕ್ ಟೇಪ್ ಬೇಡ, ಬಿಸಿಗೆ ಅಂಟು ಕರಗಿ ಸ್ಲಾಟಿನೊಳಗೆ ಉಳಿಯುತ್ತದೆ.

ಫರ್ಮ್‌ವೇರ್: ಇಲ್ಲಿ ಅವಸರ ಬೇಡ

ಈ ಕಾರ್ಡ್‌ಗೆ ಎರಡು ಬಗೆಯ ಫರ್ಮ್‌ವೇರ್ ಇದೆ. ಐಆರ್ ಎಂದರೆ ಕಾರ್ಡೇ ರೇಡ್ ಮಾಡುವುದು. ಐಟಿ ಎಂದರೆ ಡಿಸ್ಕನ್ನು ಇದ್ದ ಹಾಗೇ ಆಪರೇಟಿಂಗ್ ಸಿಸ್ಟಮ್‌ಗೆ ಒಪ್ಪಿಸುವುದು. ಝೆಡ್‌ಎಫ್‌ಎಸ್‌ಗೆ ಐಟಿಯೇ ಬೇಕು. ಡಿಸ್ಕಿನ ನಿಜ ಸ್ಥಿತಿ ಝೆಡ್‌ಎಫ್‌ಎಸ್‌ಗೆ ಕಾಣಬೇಕು, ನಡುವೆ ಇನ್ನೊಬ್ಬರು ಕೂತು ತಾವೇ ತೀರ್ಮಾನ ಮಾಡಬಾರದು. 'ಸಾಸ್2ಫ್ಲ್ಯಾಶ್ -ಲಿಸ್ಟ್' ಕೊಟ್ಟಾಗ ಪ್ರಾಡಕ್ಟ್ ಐಡಿ 2213 ಇದ್ದರೆ ಐಟಿ, 2713 ಇದ್ದರೆ ಐಆರ್.

ಆವೃತ್ತಿ 20.00.07.00 ಆಗಿರಲಿ. 20ರ ಸಾಲಿನ ಮೊದಮೊದಲ ಬಿಡುಗಡೆಗಳಲ್ಲಿ ದೋಷವಿತ್ತು. ಒತ್ತಡ ಬಿದ್ದಾಗ ಚೆಕ್‌ಸಮ್ ತಪ್ಪುಗಳು, ಡಿಸ್ಕ್ ಕಳಚಿಕೊಳ್ಳುವುದು ಕಾಣುತ್ತಿತ್ತು. 'ಪಿ20 ಹಾಕಿದ್ದೇವೆ' ಎಂದು ಮಾರುವವರು ಹೇಳಿದರೆ ಸಾಲದು, ಕೊನೆಯ ಅಂಕಿಗಳನ್ನೂ ಕೇಳಿ. ಬೂಟ್ ಆಗುವಾಗ ಡಿಎಂಇಎಸ್‌ಜಿ (ಬೂಟ್ ಸಂದೇಶಗಳ) ಪಟ್ಟಿಯಲ್ಲಿ ಫರ್ಮ್‌ವೇರ್ 20.00.07.00, ಡ್ರೈವರ್ 21.02.00.00-ಎಫ್‌ಬಿಎಸ್‌ಡಿ ಎಂದು ಒಂದೇ ಸಾಲಿನಲ್ಲಿ ಬರುತ್ತದೆ. 20 ಮತ್ತು 21 ಹೊಂದುತ್ತಿಲ್ಲವಲ್ಲ ಎಂದು ಗಾಬರಿ ಬೀಳುವವರು ಬಹಳ. ಅದು ತೊಂದರೆಯಲ್ಲ. ಫರ್ಮ್‌ವೇರ್‌ಗೆ 21 ಎಂಬ ಆವೃತ್ತಿ ಹುಡುಕುತ್ತಾ ಹೋಗಬೇಡಿ.

ಈಗಾಗಲೇ ಐಟಿ ಇದ್ದು ಆವೃತ್ತಿ ಮಾತ್ರ ಹಳೆಯದಾದರೆ ಕೆಲಸ ಸುಲಭ. ಫ್ರೀಬಿಎಸ್‌ಡಿಯೊಳಗಿಂದಲೇ 'ಎಂಪಿಎಸ್‌ಯುಟಿಲ್ ಫ್ಲ್ಯಾಶ್ ಸೇವ್ ಫರ್ಮ್‌ವೇರ್' ಕೊಟ್ಟು ಹಳೆಯದನ್ನು ಎತ್ತಿಟ್ಟುಕೊಳ್ಳಿ, ಪೂಲನ್ನು ಎಕ್ಸ್‌ಪೋರ್ಟ್ ಮಾಡಿ (ಸಿಸ್ಟಮ್‌ನಿಂದ ಬಿಡಿಸಿ), 'ಎಂಪಿಎಸ್‌ಯುಟಿಲ್ ಫ್ಲ್ಯಾಶ್ ಅಪ್‌ಡೇಟ್ ಫರ್ಮ್‌ವೇರ್ 2118ಐಟಿ.ಬಿನ್' ಕೊಡಿ, ರೀಬೂಟ್ ಮಾಡಿ. ಮುಗಿಯಿತು.

ಐಆರ್‌ನಿಂದ ಐಟಿಗೆ ಬರುವುದಾದರೆ ಮೊದಲು ಫ್ಲ್ಯಾಶ್ ಅಳಿಸಬೇಕು, ಅದಕ್ಕೆ ಯುಇಎಫ್‌ಐ ಶೆಲ್ (ಆಪರೇಟಿಂಗ್ ಸಿಸ್ಟಮ್ ಏಳುವ ಮೊದಲೇ ಸಿಗುವ ಕಮಾಂಡ್ ಪರದೆ) ಬೇಕು. ಡಾಸ್ ಪೆನ್‌ಡ್ರೈವ್‌ನಿಂದ ಮಾಡಹೋದರೆ ಈಚಿನ ಬೋರ್ಡ್‌ಗಳಲ್ಲಿ 'ಫೇಲ್ಡ್ ಟು ಇನಿಶಿಯಲೈಸ್ ಪಾಲ್' ಎಂದು ನಿಲ್ಲುತ್ತದೆ. ಕಾರ್ಡ್ ಕೆಟ್ಟಿದೆ ಎಂದಲ್ಲ, ಆ ಬೋರ್ಡ್‌ನಲ್ಲಿ ಡಾಸ್ ದಾರಿ ಮುಚ್ಚಿದೆ ಎಂದಷ್ಟೇ. ಶೆಲ್‌ನಲ್ಲೂ ಒಂದು ಗುಂಡಿ ಇದೆ: ಎರಡನೆಯ ಆವೃತ್ತಿಯ ಶೆಲ್‌ನಲ್ಲಿ ಸಾಸ್2ಫ್ಲ್ಯಾಶ್ 'ಅಪ್ಲಿಕೇಶನ್ ನಾಟ್ ಸ್ಟಾರ್ಟೆಡ್ ಫ್ರಮ್ ಶೆಲ್' ಎನ್ನುತ್ತದೆ. ಒಂದನೆಯ ಆವೃತ್ತಿಯ ಶೆಲ್ ಫೈಲ್ ಹುಡುಕಿ ಪೆನ್‌ಡ್ರೈವ್‌ಗೆ ಹಾಕಿ.

ಕ್ರಮ ಹೀಗೆ. ಡಿಸ್ಕ್‌ಗಳ ಕೇಬಲ್ ಕಳಚಿ. ಕಾರ್ಡಿನ ಸ್ಟಿಕ್ಕರ್ ಮೇಲಿನ ಹದಿನಾರು ಅಕ್ಷರಗಳ ಎಸ್‌ಎಎಸ್ ವಿಳಾಸವನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳಿ, ಫೋಟೊ ಕೂಡ ತೆಗೆಯಿರಿ. 'ಸಾಸ್2ಫ್ಲ್ಯಾಶ್ -ಓ -ಇ 6' ಅಳಿಸುತ್ತದೆ. 6ರ ಬದಲು 7 ಹಾಕಿದರೆ ವಿಳಾಸವೂ ಹೋಗುತ್ತದೆ, ಹಾಕಬೇಡಿ. ಅಳಿಸಿದ ಮೇಲೆ ಹೊಸದು ಬರೆಯುವವರೆಗೆ ಯಂತ್ರ ಆಫ್ ಆಗಬಾರದು, ರೀಬೂಟ್ ಕೂಡ ಆಗಬಾರದು. ಯುಪಿಎಸ್ ಇಲ್ಲದ ಮೇಜಿನ ಮೇಲೆ ಈ ಕೆಲಸ ಬೇಡವೇ ಬೇಡ. ಕೂಡಲೇ 'ಸಾಸ್2ಫ್ಲ್ಯಾಶ್ -ಓ -ಎಫ್ 2118ಐಟಿ.ಬಿನ್'. ಆಮೇಲೆ 'ಸಾಸ್2ಫ್ಲ್ಯಾಶ್ -ಲಿಸ್ಟ್' ನೋಡಿ. ವಿಳಾಸ ಸೊನ್ನೆ ತೋರಿಸಿದರೆ '-ಓ -ಸಾಸ್‌ಆಡ್' ಜತೆ ಬರೆದಿಟ್ಟದ್ದನ್ನು ಕೊಡಿ.

ಡೆಲ್ ಎಚ್310 ಇದಕ್ಕಿಂತ ಹಟಮಾರಿ. ಅದರ ಎಸ್‌ಬಿಆರ್ ಭಾಗವನ್ನು (ಕಾರ್ಡಿನ ಗುರುತು ಇರುವ ಸಣ್ಣ ಮೆಮೊರಿ) ಮೊದಲು ಮೆಗಾರೆಕ್ ಎಂಬ ಸಾಫ್ಟ್‌ವೇರ್‌ನಿಂದ ಖಾಲಿ ಮಾಡದೆ ಸಾಸ್2ಫ್ಲ್ಯಾಶ್‌ಗೆ ಕಾರ್ಡೇ ಕಾಣುವುದಿಲ್ಲ. ಮೊದಲ ಸಲ ಫ್ಲ್ಯಾಶ್ ಮಾಡುವವರು ಅಸಲಿ 9211 ಅಥವಾ ಆಗಲೇ ಐಟಿ ಮಾಡಿದ ಕಾರ್ಡ್ ಕೊಳ್ಳುವುದು ಒಳ್ಳೆಯದು.

ಬೂಟ್ ರಾಮ್, ಅಂದರೆ ಎಂಪಿಟಿಸಾಸ್2.ರಾಮ್ ಫೈಲ್, ಹಾಕಬೇಕೇ? ಈ ಕಾರ್ಡಿನ ಡಿಸ್ಕ್‌ನಿಂದಲೇ ಬೂಟ್ ಆಗಬೇಕಾದರೆ ಮಾತ್ರ. ಆಪರೇಟಿಂಗ್ ಸಿಸ್ಟಮನ್ನು ಮದರ್‌ಬೋರ್ಡ್‌ನ ಸಾಟಾ ಪೋರ್ಟಿನ ಸಣ್ಣ ಎಸ್‌ಎಸ್‌ಡಿಯಲ್ಲಿಟ್ಟು, ರಾಮ್ ಇಲ್ಲದೆ ಬಿಡಿ ಎಂಬುದು ನಮ್ಮ ಸಲಹೆ. ಡ್ರೈವರ್‌ಗೆ ರಾಮ್ ಬೇಕಿಲ್ಲ. ಬೂಟ್ ವೇಳೆ ಡಿಸ್ಕ್ ಎಣಿಸುತ್ತಾ ಕೂರುವ ಸಮಯವೂ ಉಳಿಯುತ್ತದೆ.

ಡ್ರೈವರ್ ಸೆಟ್ಟಿಂಗ್

ಎಎಂಡಿ64ರ ಜೆನೆರಿಕ್ ಕರ್ನಲ್‌ನಲ್ಲಿ ಎಂಪಿಎಸ್ ಇದ್ದೇ ಇದೆ. ಹಳೆಯ ಬರಹ ನೋಡಿ 'ಎಂಪಿಎಸ್_ಲೋಡ್="ಯೆಸ್"' ಎಂದು ಸೇರಿಸುವ ಅಗತ್ಯವಿಲ್ಲ; ನಿಮ್ಮದೇ ಕರ್ನಲ್ ಕಟ್ಟಿ ಅದನ್ನು ತೆಗೆದಿದ್ದರೆ ಮಾತ್ರ ಬೇಕು. ನಮ್ಮ ಬೂಟ್ ಡೈರೆಕ್ಟರಿಯ ಲೋಡರ್.ಕಾನ್ಫ್‌ನಲ್ಲಿ ಈ ಕಾರ್ಡ್ ಮತ್ತು ಡಿಸ್ಕ್‌ಗಳಿಗಾಗಿ ಇರುವುದು ಇಷ್ಟೇ:

ಎಚ್‌ಡಬ್ಲ್ಯೂ.ಎಂಪಿಎಸ್.ಎನೇಬಲ್_ಎಸ್‌ಎಸ್‌ಯು="3"
ಕರ್ನ್.ಜಿಯಾಮ್.ಲೇಬಲ್.ಡಿಸ್ಕ್_ಐಡೆಂಟ್.ಎನೇಬಲ್="0"
ಕರ್ನ್.ಜಿಯಾಮ್.ಲೇಬಲ್.ಜಿಪಿಟಿಐಡಿ.ಎನೇಬಲ್="0"

ಮೊದಲ ಸಾಲಿನ ವಿಚಾರ ವಿವರವಾಗಿ ಹೇಳಬೇಕು, ಏಕೆಂದರೆ ಇದನ್ನು ಬಳಸುವವರು ಕಡಿಮೆ. ಯಂತ್ರ ಶಟ್‌ಡೌನ್ ಆಗುವಾಗ ಸಾಟಾ ಡಿಸ್ಕ್‌ಗಳಿಗೆ 'ಇನ್ನು ನಿಲ್ಲು' ಎಂಬ ಆದೇಶ ಕಳಿಸಬೇಕೇ ಬೇಡವೇ ಎಂದು ಇದು ನಿರ್ಧರಿಸುತ್ತದೆ. 0 ಎಂದರೆ ಯಾರಿಗೂ ಇಲ್ಲ. 1 ಎಂದರೆ ಎಸ್‌ಎಸ್‌ಡಿಗೆ ಮಾತ್ರ, ಡ್ರೈವರ್ ತಾನಾಗಿ ಇಟ್ಟುಕೊಳ್ಳುವುದು ಇದನ್ನೇ. 2 ಹಾರ್ಡ್ ಡಿಸ್ಕ್‌ಗೆ ಮಾತ್ರ, 3 ಇಬ್ಬರಿಗೂ. 1ರಲ್ಲೇ ಬಿಟ್ಟರೆ ಹಾರ್ಡ್ ಡಿಸ್ಕ್‌ಗಳು ತಿರುಗುತ್ತಿರುವಾಗಲೇ ಕರೆಂಟು ಕಡಿತವಾಗಿ, ಹೆಡ್‌ಗಳು ತುರ್ತಾಗಿ ಹಿಂದೆ ಸರಿಯುತ್ತವೆ. ಸ್ಮಾರ್ಟ್ ಪಟ್ಟಿಯ (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ಲೆಕ್ಕ) 192ನೇ ಸಾಲಿನಲ್ಲಿ ಅದರ ಎಣಿಕೆ ಏರುತ್ತದೆ. ದಿನವೂ ಆಫ್ ಮಾಡದ ಸರ್ವರ್‌ಗೆ ಇದೇನೂ ದೊಡ್ಡದಲ್ಲ. ಆದರೆ ಬೇಸಿಗೆಯಲ್ಲಿ ಮಧ್ಯಾಹ್ನ ಕರೆಂಟು ಹೋಗಿ, ಯುಪಿಎಸ್ ಬ್ಯಾಟರಿ ಇಳಿದು, ಯಂತ್ರ ತಾನಾಗಿ ಶಟ್‌ಡೌನ್ ಆಗುವುದು ಮತ್ತೆ ಮತ್ತೆ ನಡೆಯುವ ಕಡೆ ಡಿಸ್ಕ್ ಸವೆಯುವುದನ್ನು ಇದು ತಗ್ಗಿಸುತ್ತದೆ. ಶಟ್‌ಡೌನ್‌ಗೆ ಕೆಲವು ಸೆಕೆಂಡ್ ಹೆಚ್ಚು ಹಿಡಿಯುತ್ತದೆ, ಆದ್ದರಿಂದ ಯುಪಿಎಸ್ ನೋಡಿಕೊಳ್ಳುವ ನಟ್ ಸಾಫ್ಟ್‌ವೇರ್‌ನಲ್ಲಿ 'ಬ್ಯಾಟರಿ ಕಡಿಮೆ' ಎಂಬ ಗುರುತನ್ನು ಸ್ವಲ್ಪ ಮೇಲಿಡಿ. ಹಳೆಯ ಬ್ಯಾಟರಿ ಹತ್ತು ಪರ್ಸೆಂಟ್ ತೋರಿಸುತ್ತಲೇ ಸೊನ್ನೆಗೆ ಬೀಳುತ್ತದೆ.

ಉಳಿದ ಎರಡು ಸಾಲು ಹೆಸರಿನ ಗೊಂದಲ ತಪ್ಪಿಸಲು. ಡಿಸ್ಕ್‌ಗಳಿಗೆ ಫ್ರೀಬಿಎಸ್‌ಡಿ ಕೊಡುವ ಡಿಎ0, ಡಿಎ1 ಎಂಬ ಹೆಸರುಗಳು ಸ್ಥಿರವಲ್ಲ. ಒಂದು ಡಿಸ್ಕ್ ತೆಗೆದು ಬೂಟ್ ಮಾಡಿದರೆ ಉಳಿದವು ಮುಂದೆ ಸರಿಯುತ್ತವೆ. ಝೆಡ್‌ಎಫ್‌ಎಸ್ ತನ್ನ ಡಿಸ್ಕನ್ನು ಹೇಗಾದರೂ ಗುರುತಿಸಿಕೊಳ್ಳುತ್ತದೆ, ಸ್ಕ್ರೂಡ್ರೈವರ್ ಹಿಡಿದು ನಿಂತ ಮನುಷ್ಯನಿಗೆ ಗೊತ್ತಾಗುವುದಿಲ್ಲ. 'ಜಿಪಾರ್ಟ್ ಆಡ್ -ಟಿ ಫ್ರೀಬಿಎಸ್‌ಡಿ-ಝೆಡ್‌ಎಫ್‌ಎಸ್ -ಎ 1ಎಂ -ಎಲ್' ಎಂದು ಕೊಟ್ಟು, ಲೇಬಲ್‌ನಲ್ಲಿ ಡಿಸ್ಕ್ ಕೂತ ಜಾಗ ಮತ್ತು ಸೀರಿಯಲ್ ನಂಬರಿನ ಕೊನೆಯ ನಾಲ್ಕು ಅಕ್ಷರ ಹಾಕಿ. ಅದೇ ಲೇಬಲನ್ನು ಕಾಗದದಲ್ಲಿ ಬರೆದು ಡಿಸ್ಕಿನ ಮುಂದಿನ ಅಂಚಿಗೆ ಅಂಟಿಸಿ. ಪೂಲ್ ಕಟ್ಟುವಾಗ ಡೆವ್/ಜಿಪಿಟಿ ಕೆಳಗಿನ ಹೆಸರುಗಳನ್ನೇ ಬಳಸಿ. ಮೇಲಿನ ಎರಡು ಸಾಲು ಇಲ್ಲದಿದ್ದರೆ ಮುಂದೊಂದು ದಿನ ಝೆಡ್‌ಪೂಲ್ ಸ್ಟೇಟಸ್‌ನಲ್ಲಿ ಈ ಹೆಸರಿನ ಬದಲು ಉದ್ದನೆಯ ಡಿಸ್ಕ್‌ಐಡಿ ಬಂದು ಕೂರಬಹುದು. ಡಿವೈಸ್.ಹಿಂಟ್ಸ್‌ನಲ್ಲಿ ಡಿಎ ನಂಬರನ್ನೇ ಒಂದೊಂದು ಟಾರ್ಗೆಟ್‌ಗೆ ಕಟ್ಟಿಹಾಕುವ ದಾರಿಯೂ ಇದೆ. ಆದರೆ ಡಿಸ್ಕ್ ಬದಲಾದಾಗ ಟಾರ್ಗೆಟ್ ನಂಬರೇ ಬದಲಾಗಬಹುದಾದ್ದರಿಂದ ನಮಗೆ ಅದು ಇಷ್ಟವಾಗಲಿಲ್ಲ.

ಮುಟ್ಟಬಾರದ ಸೆಟ್ಟಿಂಗ್‌ಗಳೂ ಇವೆ. ಮ್ಯಾಕ್ಸ್_ಚೈನ್ಸ್ (ದೊಡ್ಡ ಆದೇಶಗಳಿಗೆ ಡ್ರೈವರ್ ಮೀಸಲಿಡುವ ಮೆಮೊರಿ ತುಂಡುಗಳ ಸಂಖ್ಯೆ) ಹೆಚ್ಚಿಸಿ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ಹಳೆಯ ಬಿಡುಗಡೆಗಳಲ್ಲಿ ಇದರ ಮೊತ್ತ ಚಿಕ್ಕದಿತ್ತು, ಆಗ ಅದು ಸರಿ. ಈಗ ನಿಮ್ಮಲ್ಲಿ ಬೇಕೇ ಎಂದು ಊಹಿಸುವುದೇ ಬೇಡ, ಡ್ರೈವರೇ ಲೆಕ್ಕ ಇಟ್ಟಿರುತ್ತದೆ: 'ಸಿಸ್‌ಸಿಟಿಎಲ್ ಡೆವ್.ಎಂಪಿಎಸ್.0.ಚೈನ್_ಅಲಾಕ್_ಫೇಲ್' ನೋಡಿ. 0 ಇದ್ದರೆ ಬಿಟ್ಟುಬಿಡಿ. ಚೈನ್_ಫ್ರೀ_ಲೋವಾಟರ್ ಎಂಬುದು ಬೂಟ್ ಆದಾಗಿನಿಂದ ಉಳಿದಿದ್ದ ಅತಿ ಕಡಿಮೆ ಸಂಖ್ಯೆ. ಅದು ಸೊನ್ನೆಯ ಹತ್ತಿರ ಬಂದಿದ್ದರೆ ಮಾತ್ರ ಯೋಚಿಸಿ. ಮದುವೆ ಸೀಸನ್ನಿನಲ್ಲಿ ನಾಲ್ಕೈದು ಎಡಿಟಿಂಗ್ ಯಂತ್ರಗಳು ಒಟ್ಟಿಗೆ ಓದಿ ಬರೆಯುವಾಗಲೂ ನಮ್ಮಲ್ಲಿ ಅದು ತಳಕ್ಕೆ ಹೋಗಿಲ್ಲ. ಎಂಎಸ್‌ಐ-ಎಕ್ಸ್ (ಕಾರ್ಡ್ ಪ್ರೊಸೆಸರನ್ನು ಕರೆಯುವ ವಿಧಾನ) ಬಂದ್ ಮಾಡುವ ಸಾಲನ್ನೂ ಸುಮ್ಮನೆ ನಕಲು ಮಾಡಬೇಡಿ.

ಬೂಟ್ ಆಗುವಾಗ ಒಂದೆರಡು ಡಿಸ್ಕ್ ಕಾಣದೆ, ಆಮೇಲೆ 'ಕ್ಯಾಮ್‌ಕಂಟ್ರೋಲ್ ರೀಸ್ಕ್ಯಾನ್ ಆಲ್' ಕೊಟ್ಟರೆ ಬರುತ್ತಿದ್ದರೆ ಸ್ಪಿನ್‌ಅಪ್_ವೇಟ್_ಟೈಮ್ ಹೆಚ್ಚಿಸಬಹುದು. ತಾನಾಗಿ ಇರುವುದು 3 ಸೆಕೆಂಡ್. ಆದರೆ ಅದಕ್ಕೆ ಮೊದಲು ಪವರ್ ಸಪ್ಲೈ ನೋಡಿ. 3.5 ಇಂಚಿನ ಡಿಸ್ಕ್ ತಿರುಗಲು ಶುರುಮಾಡುವಾಗ 12 ವೋಲ್ಟ್ ಲೈನಿನಲ್ಲಿ ಸುಮಾರು 2 ಆಂಪಿಯರ್ ಎಳೆಯುತ್ತದೆ. ಎಂಟು ಡಿಸ್ಕ್ ಒಮ್ಮೆಗೇ ಎಂದರೆ ಅಷ್ಟಕ್ಕೇ 190 ವ್ಯಾಟ್ ದಾಟುತ್ತದೆ. ಒಂದೇ ವೈರಿಗೆ ಸ್ಪ್ಲಿಟರ್ ಮೇಲೆ ಸ್ಪ್ಲಿಟರ್ ಸಿಕ್ಕಿಸಿದ್ದರೆ ಕೊನೆಯ ಡಿಸ್ಕ್‌ಗೆ ವೋಲ್ಟೇಜ್ ಇಳಿದು ಅದು ಏಳುವುದು ತಡವಾಗುತ್ತದೆ. ಪ್ಲಾಸ್ಟಿಕ್ ಎರಕದ ಅಗ್ಗದ ಮೊಲೆಕ್ಸ್-ಸಾಟಾ ಅಡಾಪ್ಟರ್‌ಗಳನ್ನಂತೂ ಬಳಸಲೇಬೇಡಿ, ಅವು ಒಳಗೇ ಸುಟ್ಟು ಕರಗುತ್ತವೆ.

ಲಾಗ್ ಓದುವುದು

ಸರಿ ಇರುವ ಡಿಸ್ಕ್ ಬೂಟ್ ವೇಳೆ '600.000 ಎಂಬಿ/ಎಸ್ ಟ್ರಾನ್ಸ್‌ಫರ್ಸ್' ಎನ್ನುತ್ತದೆ. ಎಂಟರಲ್ಲಿ ಒಂದು ಮಾತ್ರ 300 ಅಥವಾ 150 ಎಂದರೆ ಆ ಕೇಬಲ್ ಅನುಮಾನಕ್ಕೆ ಅರ್ಹ.

ಜನ ಹೆಚ್ಚು ಹೆದರುವುದು 'ಎಸ್‌ಸಿಎಸ್‌ಐ ಐಒಸಿ ಟರ್ಮಿನೇಟೆಡ್... ಲಾಗ್‌ಇನ್ಫೊ 31080000' ಎಂಬ ಸಾಲುಗಳು ಪುಟಗಟ್ಟಲೆ ಬಂದಾಗ. ಇದರ ಒಳಗುಟ್ಟು ಸರಳ. ಸಾಟಾ ಡಿಸ್ಕ್‌ಗೆ ಒಂದೇ ಸಲ 32ರವರೆಗೆ ಆದೇಶಗಳನ್ನು ಸಾಲುಗಟ್ಟಿ ಕೊಡಬಹುದು. ಅವುಗಳಲ್ಲಿ ಒಂದು ಎಡವಿದರೆ ಸಾಟಾ ನಿಯಮದ ಪ್ರಕಾರ ಸಾಲಿನಲ್ಲಿರುವ ಎಲ್ಲವೂ ರದ್ದು. 31080000 ಹೇಳುವುದು ಅದನ್ನೇ: ಇವು ಪಕ್ಕದವನ ತಪ್ಪಿಗೆ ಬಿದ್ದವು. ಡ್ರೈವರ್ ಅವನ್ನೆಲ್ಲ ಮತ್ತೆ ಕಳಿಸುತ್ತದೆ. ಮೂವತ್ತು ಸಾಲು ಬಂತೆಂದರೆ ಮೂವತ್ತು ದೋಷವಲ್ಲ. ಆ ರಾಶಿಯೊಳಗೆ ನಿಜ ಕಾರಣ ಹೇಳುವ ಒಂದೇ ಸಾಲು ಇರುತ್ತದೆ, ಅದನ್ನು ಹುಡುಕಿ.

ಅದು 'ಮೀಡಿಯಂ ಎರರ್', ಎಎಸ್‌ಸಿ 11,0 ಎಂದಿದ್ದರೆ ಡಿಸ್ಕಿನ ತಟ್ಟೆಯೇ ಕೆಡುತ್ತಿದೆ, ಬದಲಿ ತರಿಸಿ. 'ಅಬಾರ್ಟೆಡ್ ಕಮಾಂಡ್', ಎಎಸ್‌ಸಿ 47,3 ಎಂದಿದ್ದರೆ ದಾರಿಯಲ್ಲಿ ದತ್ತಾಂಶ ಕೆಟ್ಟಿದೆ, ಅಂದರೆ ಕೇಬಲ್ ಅಥವಾ ಕನೆಕ್ಟರ್. 'ಸ್ಮಾರ್ಟ್‌ಸಿಟಿಎಲ್ -ಎ' ಕೊಟ್ಟು 199ನೇ ಸಾಲಿನ ಸಿಆರ್‌ಸಿ ಎಣಿಕೆಯನ್ನೂ ನೋಡಿ. ಆ ಎಣಿಕೆ ಎಂದೂ ಇಳಿಯುವುದಿಲ್ಲ. ಕೇಬಲ್ ಬದಲಿಸಿದ ಮೇಲೆ ಏರುವುದು ನಿಂತಿತೇ ಎಂಬುದೇ ಪರೀಕ್ಷೆ. ಡಿಸ್ಕನ್ನು ಬೇರೆ ಜಾಗಕ್ಕೆ ಹಾಕಿದಾಗ ದೋಷ ಡಿಸ್ಕಿನ ಹಿಂದೆ ಬಂದರೆ ಡಿಸ್ಕ್, ಅಲ್ಲೇ ಉಳಿದರೆ ಕೇಬಲ್.

ಬರೀ 'ಕಮಾಂಡ್ ಟೈಮ್‌ಔಟ್' ಬರುತ್ತಿದ್ದರೆ ಡಿಸ್ಕಿನ ಜಾತಿ ನೋಡಿ. ಡೆಸ್ಕ್‌ಟಾಪ್ ಡಿಸ್ಕ್‌ಗಳು ಕೆಟ್ಟ ಸೆಕ್ಟರ್ ಸಿಕ್ಕಾಗ ನಿಮಿಷಗಟ್ಟಲೆ ತಾವೇ ಗುದ್ದಾಡುತ್ತವೆ. ಡ್ರೈವರಿನ ಮೇಲಿನ ಕ್ಯಾಮ್ ಪದರ 60 ಸೆಕೆಂಡ್ ಕಾದು ಆದೇಶ ಹಿಂತೆಗೆದುಕೊಳ್ಳುತ್ತದೆ. 'ಸ್ಮಾರ್ಟ್‌ಸಿಟಿಎಲ್ -ಎಲ್ ಎಸ್‌ಸಿಟಿಇಆರ್‌ಸಿ,70,70' ಕೊಟ್ಟರೆ ಡಿಸ್ಕ್ 7 ಸೆಕೆಂಡಿಗೇ ಕೈಚೆಲ್ಲುತ್ತದೆ, ಝೆಡ್‌ಎಫ್‌ಎಸ್ ಇತರ ಡಿಸ್ಕ್‌ಗಳಿಂದ ಆ ಭಾಗವನ್ನು ಕಟ್ಟಿಕೊಳ್ಳುತ್ತದೆ. ಹಲವು ಡಿಸ್ಕ್‌ಗಳು ಕರೆಂಟು ಹೋದರೆ ಇದನ್ನು ಮರೆಯುತ್ತವೆ, ಆದ್ದರಿಂದ ಆರ್‌ಸಿ.ಲೋಕಲ್‌ನಲ್ಲಿ ಹಾಕಿ. ಎಸ್‌ಎಂಆರ್ ಡಿಸ್ಕ್ (ಸಾಲುಗಳನ್ನು ಒಂದರ ಮೇಲೊಂದು ಚಾಚಿ ಬರೆಯುವ ಬಗೆ) ಆಗಿದ್ದರೆ ಯಾವ ಸೆಟ್ಟಿಂಗೂ ಉಳಿಸುವುದಿಲ್ಲ. ರೀಸಿಲ್ವರ್ (ಬದಲಿ ಡಿಸ್ಕ್‌ಗೆ ದತ್ತಾಂಶ ಮತ್ತೆ ತುಂಬುವುದು) ನಡೆಯುವಾಗ ಅವು ಉಸಿರು ಕಟ್ಟಿ ನಿಲ್ಲುತ್ತವೆ. ಇನ್ನೂ ವಿವರ ಬೇಕಾದರೆ 'ಸಿಸ್‌ಸಿಟಿಎಲ್ ಡೆವ್.ಎಂಪಿಎಸ್.0.ಡೀಬಗ್_ಲೆವೆಲ್=+ರಿಕವರಿ' ಕೊಟ್ಟು ನೋಡಿ, ಕೆಲಸವಾದ ಮೇಲೆ '-ರಿಕವರಿ' ಎಂದು ತೆಗೆಯಿರಿ.

ಬಿಸಿ, ದೂಳು, ಕೇಬಲ್

ನಮಗೆ ಹೆಚ್ಚು ಕಾಟ ಕೊಟ್ಟದ್ದು ಬಿಸಿ. ಈ ಕಾರ್ಡ್‌ಗೆ ಫ್ಯಾನ್ ಇಲ್ಲ, ಸರ್ವರ್ ಕ್ಯಾಬಿನೆಟ್ಟಿನ ಗಾಳಿಯನ್ನು ನಂಬಿ ಮಾಡಿದ್ದು. ತಯಾರಕರು ಕೇಳುವುದು ನಿಮಿಷಕ್ಕೆ 200 ಅಡಿ ವೇಗದ ಗಾಳಿ. ಡೆಸ್ಕ್‌ಟಾಪ್ ಟವರ್‌ನಲ್ಲಿ ಕೆಳಗಿನ ಸ್ಲಾಟಿಗೆ ಅಷ್ಟು ಗಾಳಿ ತಾಕುವುದಿಲ್ಲ. ಎಸ್‌ಎಎಸ್2008 ತನ್ನ ಉಷ್ಣತೆಯನ್ನು ಹೇಳುವುದೂ ಇಲ್ಲ. 'ಎಂಪಿಎಸ್‌ಯುಟಿಲ್ ಶೋ ಅಡಾಪ್ಟರ್' ಕೊಟ್ಟರೆ ಆ ಜಾಗದಲ್ಲಿ ಗೊತ್ತಿಲ್ಲ ಎಂದೇ ಬರುತ್ತದೆ. ಹಾಗಾಗಿ ಎಚ್ಚರಿಕೆ ಯಾವುದೂ ಇಲ್ಲದೆ ಒಂದು ಮಧ್ಯಾಹ್ನ ಎಂಟೂ ಡಿಸ್ಕ್ ಒಟ್ಟಿಗೆ ಮಾಯವಾಗುತ್ತವೆ. ಒಂದೆರಡು ಡಿಸ್ಕ್ ಹೋದರೆ ಕೇಬಲ್ ಇರಬಹುದು, ಎಲ್ಲವೂ ಒಟ್ಟಿಗೆ ಹೋದರೆ ಕಾರ್ಡ್ ಮುಟ್ಟಿ ನೋಡಿ, ಜೋಪಾನವಾಗಿ. ಹೀಟ್‌ಸಿಂಕ್ ಮೇಲೆ 40 ಮಿಲಿಮೀಟರಿನ ಫ್ಯಾನ್ ಕೂರಿಸಿ ಮದರ್‌ಬೋರ್ಡ್‌ನ ಫ್ಯಾನ್ ಪಿನ್‌ಗೆ ಕೊಟ್ಟರೆ ಮುಗಿಯಿತು. ಹಳೆಯ ಕಾರ್ಡಿನಲ್ಲಿ ಥರ್ಮಲ್ ಪೇಸ್ಟ್ ಒಣಗಿ ಹೆಕ್ಕಳಿಕೆಯಾಗಿರುತ್ತದೆ. ಹಿಂಬದಿಯ ಎರಡು ಪ್ಲಾಸ್ಟಿಕ್ ಪಿನ್ ಒತ್ತಿ ಹೀಟ್‌ಸಿಂಕ್ ಬಿಡಿಸಿ, ಒರೆಸಿ, ಹೊಸದು ಹಚ್ಚಿ.

ಮಂಡ್ಯದ ಕಡೆ ದೂಳಿನ ಜತೆ ಆಲೆಮನೆ ಹೊಗೆಯ ಮಸಿಯೂ ಸೇರುತ್ತದೆ. ಅದು ಒಣ ದೂಳಿನ ಹಾಗೆ ಊದಿದರೆ ಹಾರುವುದಿಲ್ಲ, ಜಿಡ್ಡಾಗಿ ಫ್ಯಾನಿನ ರೆಕ್ಕೆಗೆ ಅಂಟುತ್ತದೆ. ಸಣ್ಣ ಫ್ಯಾನ್ ಬೇಗ ನಿಲ್ಲುವುದು ಇದರಿಂದಲೇ. ಬ್ರಷ್ ಮತ್ತು ಐಸೋಪ್ರೊಪೈಲ್ ಆಲ್ಕೋಹಾಲ್ ಬೇಕು. ಸ್ಟುಡಿಯೊ ಯಂತ್ರಕ್ಕೆ ಇದನ್ನೆಲ್ಲ ಆಷಾಢದಲ್ಲಿ ಇಟ್ಟುಕೊಳ್ಳಿ. ಮದುವೆ ಇರುವುದಿಲ್ಲ, ಸರ್ವರ್ ಒಂದು ದಿನ ನಿಂತರೂ ಯಾರೂ ಕೇಳುವುದಿಲ್ಲ. ಫರ್ಮ್‌ವೇರ್, ಫ್ರೀಬಿಎಸ್‌ಡಿ ಅಪ್‌ಗ್ರೇಡ್ ಕೂಡ ಆಗಲೇ. ಸ್ಕ್ರಬ್ ಮಾತ್ರ ವರ್ಷವಿಡೀ ನಡೆಯಲಿ: ಪೀರಿಯಾಡಿಕ್.ಕಾನ್ಫ್‌ನಲ್ಲಿ 'ಡೈಲಿ_ಸ್ಕ್ರಬ್_ಝೆಡ್‌ಎಫ್‌ಎಸ್_ಎನೇಬಲ್="ಯೆಸ್"' ಹಾಕಿದರೆ 35 ದಿನಕ್ಕೊಮ್ಮೆ ತಾನೇ ಶುರುವಾಗುತ್ತದೆ.

ಕೇಬಲ್ ಕೊಳ್ಳುವಾಗ 'ಫಾರ್ವರ್ಡ್ ಬ್ರೇಕ್‌ಔಟ್' ಎಂದೇ ಕೇಳಿ. ರಿವರ್ಸ್ ಬ್ರೇಕ್‌ಔಟ್ ನೋಡಲು ತದ್ರೂಪ, ಬೆಲೆಯೂ ಹೆಚ್ಚುಕಡಿಮೆ ಅದೇ, ಸಿಕ್ಕಿಸಿದರೆ ಒಂದು ಡಿಸ್ಕೂ ಕಾಣುವುದಿಲ್ಲ. ಒಂದು ಮೀಟರಿಗಿಂತ ಉದ್ದ ಬೇಡ, ಅರ್ಧ ಮೀಟರ್ ಸಾಕಾದರೆ ಇನ್ನೂ ಒಳ್ಳೆಯದು. ಸಾಟಾ ತುದಿಯಲ್ಲಿ ಲೋಹದ ಕೊಕ್ಕೆ ಇರುವುದನ್ನೇ ತನ್ನಿ. ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ ತರುವವರು ಒಂದು ಹೆಚ್ಚಿಗೆ ತಂದಿಟ್ಟುಕೊಳ್ಳಿ. ಕೆಟ್ಟ ದಿನ ಮಂಡ್ಯದ ಅಂಗಡಿಯಲ್ಲಿ ಇದು ಸಿಗುವುದು ಕಷ್ಟ.

ಅಂಕ, ಮತ್ತು ಈಗ ಕೊಳ್ಳುವವರಿಗೆ

ಡ್ರೈವರ್‌ಗೆ 5ಕ್ಕೆ 5, ಕಾರ್ಡ್‌ಗೆ 5ಕ್ಕೆ 4. ಕಡಿದ ಒಂದು ಅಂಕ ಉಷ್ಣತೆ ಹೇಳದಿರುವುದಕ್ಕೆ. ಎಸ್‌ಎಸ್‌ಡಿಗೆ ಬೇಡ ಎಂದದ್ದು ಎರಡು ಕಾರಣಕ್ಕೆ: ಎಂಟು ಎಸ್‌ಎಸ್‌ಡಿ ಸೇರಿದರೆ ಪಿಸಿಐ ದಾರಿಯೇ ಇಕ್ಕಟ್ಟು, ಮತ್ತು ಟ್ರಿಮ್ (ಅಳಿಸಿದ ಜಾಗ ಯಾವುದೆಂದು ತಿಳಿಸುವ ಆದೇಶ) ಎಲ್ಲ ಎಸ್‌ಎಸ್‌ಡಿಗೂ ಸರಿಯಾಗಿ ತಲುಪುವುದಿಲ್ಲ. ಈಗಾಗಲೇ ಹಾಕಿಕೊಂಡಿರುವವರು 'ಸಿಸ್‌ಸಿಟಿಎಲ್ ಕರ್ನ್.ಕ್ಯಾಮ್.ಡಿಎ.0.ಡಿಲೀಟ್_ಮೆಥಡ್' ಏನು ಹೇಳುತ್ತದೆ ನೋಡಿಕೊಳ್ಳಿ.

ಹೊಸದಾಗಿ ಯಂತ್ರ ಕಟ್ಟುವವರು, ಕೈಯಲ್ಲಿ ಸ್ವಲ್ಪ ಹೆಚ್ಚು ದುಡ್ಡಿದ್ದರೆ, 9207-8ಐ ನೋಡಿ. ಎಸ್‌ಎಎಸ್2308 ಚಿಪ್, ಪಿಸಿಐ 3.0, ಅದೇ ಎಂಪಿಎಸ್ ಡ್ರೈವರ್, ಅದೇ ಕೇಬಲ್, ಇರುವ ಲೋಡರ್.ಕಾನ್ಫ್ ಹಾಗೇ ನಡೆಯುತ್ತದೆ. 9300-8ಐ ಇನ್ನೂ ಮುಂದಿನದು: ಎಸ್‌ಎಎಸ್3008, ಪೋರ್ಟ್‌ಗೆ 12 ಗಿಗಾಬಿಟ್. ಅದಕ್ಕೆ ಡ್ರೈವರ್ ಎಂಪಿಆರ್, ಆದ್ದರಿಂದ ಲೋಡರ್.ಕಾನ್ಫ್‌ನ 'ಎಚ್‌ಡಬ್ಲ್ಯೂ.ಎಂಪಿಎಸ್' ಎಂಬುದನ್ನು 'ಎಚ್‌ಡಬ್ಲ್ಯೂ.ಎಂಪಿಆರ್' ಮಾಡಬೇಕು, ಎಂಪಿಎಸ್‌ಯುಟಿಲ್ ಬದಲು ಎಂಪಿಆರ್‌ಯುಟಿಲ್, ಸಾಸ್2ಫ್ಲ್ಯಾಶ್ ಬದಲು ಸಾಸ್3ಫ್ಲ್ಯಾಶ್. ಸಾಕೆಟ್ ಎಸ್‌ಎಫ್‌ಎಫ್-8643, ಹಳೆಯ ಕೇಬಲ್ ಕೂರುವುದಿಲ್ಲ. ಅದು ಇದಕ್ಕಿಂತ ಹೆಚ್ಚು ಬಿಸಿಯಾಗುತ್ತದೆ, ಫ್ಯಾನನ್ನು ಕಾರ್ಡಿನ ಜತೆಗೇ ತಂದುಕೊಳ್ಳಿ.